ವೈದ್ಯಕೀಯ ಸಾಧನ ತಯಾರಿಕೆ: ಕಟ್ಟಡಕ್ಕೆ ಮೊದಲು ಉತ್ಪನ್ನ ನಿಶ್ಚಯವಾಗಲಿ

ಬ್ರಹ್ಮಾವರದಿಂದ ಕುಂದಾಪುರವನ್ನು ಹಾದು ಬೈಂದೂರಿನವರೆಗೆ ರಾಷ್ಟ್ರೀಯ ಹೆದ್ದಾರಿ 66ರ ಇಕ್ಕೆಲಗಳಲ್ಲಿ ಎದ್ದು ನಿಂತಿರುವ ವಾಣಿಜ್ಯ ಸಂಕೀರ್ಣಗಳನ್ನು ಕಂಡವರು ಈ ಸೀಮೆಯಲ್ಲಿ ಬಂಡವಾಳಕ್ಕೆ ಕೊರತೆಯಿದೆ ಎಂದು ಹೇಳಲಾರರು. ಬೆಂಗಳೂರು, ಮುಂಬಯಿಗಳಲ್ಲಿ ಹೋಟೆಲ್ ನಡೆಸಿ ಗಳಿಸಿದ ಹಣ ಊರಿಗೆ ಮರಳಿದಾಗ ಅದು ಮನೆಯಾಗಿ, ಕಲ್ಯಾಣ ಮಂಟಪವಾಗಿ, ಅಂಗಡಿ ಸಾಲುಗಳಾಗಿ ರೂಪ ತಾಳುವುದು ಇಲ್ಲಿನ ವಾಡಿಕೆ. ಅದೇ ವೇಳೆಗೆ ಇಲ್ಲಿ ಓದಿ ಪದವಿ ಪಡೆದ ಎಂಜಿನಿಯರ್, ಪ್ರಯೋಗಾಲಯ ತಂತ್ರಜ್ಞ, ಸೂಕ್ಷ್ಮಜೀವಿ ಶಾಸ್ತ್ರದ ವಿದ್ಯಾರ್ಥಿನಿ ಕೆಲಸ ಅರಸಿ ರಾತ್ರಿ ಬಸ್ಸು ಹತ್ತುತ್ತಾರೆ. ಹಣ ಊರಿಗೆ ಬರುತ್ತದೆ, ಜನ ಊರು ಬಿಡುತ್ತಾರೆ. ಈ ವೈಪರೀತ್ಯಕ್ಕೆ ಉತ್ತರವಾಗಬಲ್ಲ ಉದ್ಯಮಗಳಲ್ಲಿ ವೈದ್ಯಕೀಯ ಸಾಧನಗಳ ತಯಾರಿಕೆಯೂ ಒಂದು.

ಬ್ರಹ್ಮಾವರದಿಂದ ಮಣಿಪಾಲಕ್ಕೆ ಸುಮಾರು ಅರ್ಧ ಗಂಟೆಯ ಹಾದಿ. 1953ರಲ್ಲಿ ಆರಂಭವಾದ ಕಸ್ತೂರ್ಬಾ ವೈದ್ಯಕೀಯ ಕಾಲೇಜು, 1957ರ ತಾಂತ್ರಿಕ ಕಾಲೇಜು, ಅವುಗಳ ಸುತ್ತ ಬೆಳೆದ ಆಸ್ಪತ್ರೆಗಳು ದೇಶದಲ್ಲಿಯೇ ಹೆಸರು ಪಡೆದಿವೆ. ಆದರೆ ಆ ಆಸ್ಪತ್ರೆಗಳ ವಾರ್ಡುಗಳಲ್ಲಿ ದಿನನಿತ್ಯ ಬಿಚ್ಚಿ ಬಿಸಾಡುವ ನಳಿಕೆ, ಚೀಲ, ಸೂಜಿಗಳಿಂದ ಹಿಡಿದು ಹಾಸಿಗೆಯ ಪಕ್ಕದ ಯಂತ್ರಗಳವರೆಗೆ ಬಹುಪಾಲು ಸಾಮಗ್ರಿ ದೂರದ ರಾಜ್ಯಗಳಿಂದ ಅಥವಾ ಹೊರದೇಶಗಳಿಂದ ಬರುತ್ತದೆ. ಭಾರತ ತನಗೆ ಬೇಕಾದ ವೈದ್ಯಕೀಯ ಸಾಧನಗಳಲ್ಲಿ ಹೆಚ್ಚಿನ ಪಾಲನ್ನು ಇಂದಿಗೂ ಆಮದು ಮಾಡಿಕೊಳ್ಳುತ್ತಿದೆ. 2020ರ ಉತ್ಪಾದನಾ ಪ್ರೋತ್ಸಾಹಧನ ಯೋಜನೆ, 2023ರ ರಾಷ್ಟ್ರೀಯ ವೈದ್ಯಕೀಯ ಸಾಧನ ನೀತಿಗಳ ಉದ್ದೇಶ ಈ ಅವಲಂಬನೆಯನ್ನು ತಗ್ಗಿಸುವುದೇ ಆಗಿದೆ.

ಈ ಹಿನ್ನೆಲೆಯಲ್ಲಿ ಕಚೇರಿ, ಪ್ರಯೋಗಾಲಯ ಮತ್ತು ತಯಾರಿಕಾ ಘಟಕ ಮೂರನ್ನೂ ಒಂದೇ ಆವರಣದಲ್ಲಿ ಹೊಂದಿರುವ ಮಧ್ಯಮ ಗಾತ್ರದ ಉದ್ದಿಮೆ ಈ ಮೂರು ತಾಲ್ಲೂಕುಗಳಿಗೆ ಹೇಳಿಸಿದಂತಿದೆ. ಆದರೆ ಒಂದು ಎಚ್ಚರಿಕೆ ಅತ್ಯಗತ್ಯ. ವಾಣಿಜ್ಯ ಸಂಕೀರ್ಣ ಕಟ್ಟುವ ರೀತಿಯಲ್ಲಿ ಮೊದಲು ಕಟ್ಟಡ ಎಬ್ಬಿಸಿ, ಆಮೇಲೆ ಅದರೊಳಗೆ ಏನು ಮಾಡಬಹುದೆಂದು ಯೋಚಿಸುವ ಪದ್ಧತಿ ಈ ಉದ್ಯಮದಲ್ಲಿ ನಡೆಯದು. ಇಲ್ಲಿ ಉತ್ಪನ್ನ ಮೊದಲು, ಕಟ್ಟಡ ಕೊನೆಗೆ.

ಕಾನೂನಿನ ಲೆಕ್ಕಾಚಾರ

2017ರ ವೈದ್ಯಕೀಯ ಸಾಧನ ನಿಯಮಗಳು 2018ರ ಜನವರಿ 1ರಿಂದ ಜಾರಿಯಲ್ಲಿವೆ. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಔಷಧ ಕಾಯಿದೆಯ ವ್ಯಾಪ್ತಿಗೆ ಬಂದವು. ರೋಗಿಗೆ ಒದಗಬಹುದಾದ ಅಪಾಯವನ್ನು ಆಧರಿಸಿ ಸಾಧನಗಳನ್ನು ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಾಗಿ ವಿಂಗಡಿಸಲಾಗಿದೆ. ನಾಲಿಗೆ ಒತ್ತುವ ಪಟ್ಟಿಯಂಥವು ಎ ವರ್ಗಕ್ಕೆ, ಚುಚ್ಚುಮದ್ದಿನ ಸೂಜಿಯಂಥವು ಬಿ ವರ್ಗಕ್ಕೆ, ವೆಂಟಿಲೇಟರ್ ಹಾಗೂ ಮೂಳೆ ಜೋಡಿಸುವ ಪಟ್ಟಿಗಳು ಸಿ ವರ್ಗಕ್ಕೆ, ಹೃದಯದ ಕೃತಕ ಕವಾಟ ಡಿ ವರ್ಗಕ್ಕೆ ಸೇರುತ್ತವೆ. ಮೊದಲೆರಡು ವರ್ಗಗಳ ತಯಾರಿಕಾ ಪರವಾನಗಿಯನ್ನು ರಾಜ್ಯದ ಪ್ರಾಧಿಕಾರ ನೀಡಿದರೆ, ಉಳಿದೆರಡು ವರ್ಗಗಳಿಗೆ ಕೇಂದ್ರದ ಅನುಮತಿ ಬೇಕು. ಎ, ಬಿ ವರ್ಗಗಳಿಗೆ 2022ರ ಅಕ್ಟೋಬರ್‌ನಿಂದ, ಸಿ, ಡಿ ವರ್ಗಗಳಿಗೆ 2023ರ ಅಕ್ಟೋಬರ್‌ನಿಂದ ಪರವಾನಗಿ ವ್ಯವಸ್ಥೆ ಕಡ್ಡಾಯವಾಗಿದೆ. ಕ್ರಿಮಿಶುದ್ಧೀಕರಣ ಬೇಡದ, ಅಳತೆಯ ಕಾರ್ಯವಿಲ್ಲದ ಎ ವರ್ಗದ ಸಾಧನಗಳಿಗೆ ಮಾತ್ರ 2022ರಲ್ಲಿಯೇ ಪರವಾನಗಿಯಿಂದ ವಿನಾಯಿತಿ ದೊರೆತಿದ್ದು, ಅವುಗಳಿಗೆ ನೋಂದಣಿ ಸಾಕು.

ಈ ವರ್ಗೀಕರಣ ಕೇವಲ ಅರ್ಜಿ ನಮೂನೆಯ ವಿಷಯವಲ್ಲ. ಅದು ನೇರವಾಗಿ ಕಟ್ಟಡದ ನಕ್ಷೆಯನ್ನು ನಿರ್ಧರಿಸುತ್ತದೆ. ಊರುಗೋಲು, ವಾಕರ್, ಆಸ್ಪತ್ರೆಯ ಮಂಚಗಳಂಥವುಗಳಿಗೆ ಒಳ್ಳೆಯ ವರ್ಕ್‌ಶಾಪ್, ಅಚ್ಚುಕಟ್ಟಾದ ಬಣ್ಣದ ವಿಭಾಗ, ಭಾರ ತಾಳುವಿಕೆಯ ಪರೀಕ್ಷಾ ಯಂತ್ರ ಇದ್ದರೆ ಆರಂಭ ಸಾಧ್ಯ. ಮೂತ್ರನಾಳದ ನಳಿಕೆ ತಯಾರಿಸಬೇಕಾದರೆ ಕ್ಲೀನ್ ರೂಮ್ ಎನ್ನಲಾಗುವ ಶುದ್ಧಗಾಳಿಯ ಕೊಠಡಿ, ಸೂಕ್ಷ್ಮಜೀವಿ ಪ್ರಯೋಗಾಲಯ, ಕ್ರಿಮಿಶುದ್ಧೀಕರಣದ ವ್ಯವಸ್ಥೆ ಎಲ್ಲವೂ ಬೇಕಾಗುತ್ತವೆ. ಎರಡರ ನಡುವೆ ಬಂಡವಾಳದಲ್ಲಿ ಅಜಗಜಾಂತರವಿದೆ. ಯಾವ ಸಾಧನ, ಯಾವ ವರ್ಗ, ಯಾವ ಮಾನಕ ಎಂಬುದು ತೀರ್ಮಾನವಾಗುವ ಮುನ್ನ ಅಡಿಪಾಯ ತೋಡಿಸಿದ ಉದ್ಯಮಿ ಅದೇ ಗೋಡೆಯನ್ನು ಮತ್ತೆ ಒಡೆಸುವ ಪ್ರಸಂಗ ಬಂದರೆ ಆಶ್ಚರ್ಯವಿಲ್ಲ.

ಒಂದೇ ಸೂರು, ಬೇರೆ ಬೇರೆ ಗಾಳಿ

ಕಚೇರಿ, ಪ್ರಯೋಗಾಲಯ, ತಯಾರಿಕೆಗಳನ್ನು ಒಂದೇ ಸೂರಿನಡಿ ತರುವುದರ ಲಾಭ ಸ್ಪಷ್ಟ. ಬೆಳಿಗ್ಗೆ ತಯಾರಾದ ಮಾದರಿ ಮಧ್ಯಾಹ್ನ ಪರೀಕ್ಷೆಗೆ ಒಳಗಾಗುತ್ತದೆ. ದೋಷ ಕಂಡರೆ ವಿನ್ಯಾಸಕಾರ ಅಂದೇ ಯಂತ್ರದ ಬಳಿಗೆ ನಡೆದು ಬರುತ್ತಾನೆ. ಲೆಕ್ಕಪತ್ರ, ಖರೀದಿ, ಗುಣಮಟ್ಟದ ದಾಖಲೆ ಎಲ್ಲವೂ ಒಂದೆಡೆ ಇರುವುದರಿಂದ ಪರಿಶೀಲನೆಗೆ ಬಂದ ಅಧಿಕಾರಿಗೆ ಉತ್ತರಿಸುವುದು ಸುಲಭ. ಚಿಕ್ಕ ಉದ್ದಿಮೆಗೆ ಮೂರು ಕಡೆ ಬಾಡಿಗೆ, ಮೂರು ಕಡೆ ಕಾವಲು ಬೇಕಾಗುವುದಿಲ್ಲ.

ಆದರೆ ಸೂರು ಒಂದಾದರೂ ಗಾಳಿ ಒಂದಾಗಕೂಡದು. ಐಎಸ್‌ಒ 14644 ಮಾನಕದ ಪ್ರಕಾರ 8ನೆಯ ದರ್ಜೆಯ ಕ್ಲೀನ್ ರೂಮಿನ ಒಂದು ಘನ ಮೀಟರ್ ಗಾಳಿಯಲ್ಲಿ 0.5 ಮೈಕ್ರಾನ್ ಹಾಗೂ ಅದಕ್ಕಿಂತ ದೊಡ್ಡ ಕಣಗಳು 35,20,000ವನ್ನು ಮೀರಬಾರದು. 7ನೆಯ ದರ್ಜೆಯಲ್ಲಿ ಆ ಮಿತಿ 3,52,000. ಈ ಮಿತಿಯನ್ನು ಕಾಯಬೇಕಾದರೆ ಒಳಗಿನ ಕೊಠಡಿಯ ಗಾಳಿಯ ಒತ್ತಡ ಹೊರಗಿನ ಓಣಿಗಿಂತ ತುಸು ಹೆಚ್ಚಾಗಿರಬೇಕು. ಸಾಮಾನ್ಯವಾಗಿ 10ರಿಂದ 15 ಪಾಸ್ಕಲ್‌ಗಳಷ್ಟು ವ್ಯತ್ಯಾಸವನ್ನು ಪಾಲಿಸಲಾಗುತ್ತದೆ. ಬಾಗಿಲು ತೆರೆದಾಗ ಶುದ್ಧಗಾಳಿ ಹೊರಗೆ ಹರಿಯಬೇಕೇ ಹೊರತು ಹೊರಗಿನ ಧೂಳು ಒಳಗೆ ನುಗ್ಗಬಾರದು. ಬ್ಯಾಕ್ಟೀರಿಯಾಗಳನ್ನು ಬೆಳೆಸಿ ನೋಡುವ ಪ್ರಯೋಗಾಲಯದ ಗಾಳಿಯ ವ್ಯವಸ್ಥೆ ತಯಾರಿಕಾ ವಿಭಾಗದಿಂದ ಸಂಪೂರ್ಣ ಬೇರೆಯಾಗಿರಬೇಕು. ಕಚೇರಿಯ ಸಿಬ್ಬಂದಿ ಊಟಕ್ಕೆ ಹೋಗುವ ದಾರಿ ಕ್ಲೀನ್ ರೂಮಿನ ಬಾಗಿಲನ್ನು ಹಾದು ಹೋಗುವಂತಿದ್ದರೆ ನಕ್ಷೆಯೇ ತಪ್ಪೆಂದು ತಿಳಿಯಬೇಕು.

ಸರಕಿನ ಚಲನೆಗೂ ಇದೇ ನಿಯಮ. ಬಂದ ಕಚ್ಚಾ ಸರಕು ಪರೀಕ್ಷೆಯ ಫಲಿತಾಂಶ ಬರುವವರೆಗೆ ಬೇರೆಯೇ ಕೊಠಡಿಯಲ್ಲಿ ಕಾದಿರಬೇಕು. ಅಂಗೀಕೃತವಾದದ್ದು ಮುಂದಕ್ಕೆ, ತಿರಸ್ಕೃತವಾದದ್ದು ಬೀಗದೊಳಕ್ಕೆ. ಸಿದ್ಧವಾದ ಸರಕು ಕೂಡ ಹಾಗೆಯೇ ಕಾಯಬೇಕು. ಕ್ರಿಮಿರಹಿತತೆಯ ಪರೀಕ್ಷೆಗೇ 14 ದಿನ ಹಿಡಿಯುತ್ತದೆ. ಆದ್ದರಿಂದ ಗೋದಾಮಿನ ಅಳತೆಯನ್ನು ದಿನದ ಉತ್ಪಾದನೆಯಿಂದಲ್ಲ, ಕಾಯುವ ದಿನಗಳಿಂದ ಲೆಕ್ಕಹಾಕಬೇಕಾಗುತ್ತದೆ. ಹೊಸಬರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ಯಂತ್ರಕ್ಕೆ ಧಾರಾಳವಾಗಿ ಜಾಗ ಬಿಟ್ಟು, ಕಾಯುವ ಸರಕಿಗೆ ಮೆಟ್ಟಿಲ ಕೆಳಗಿನ ಮೂಲೆಯನ್ನು ತೋರಿಸುತ್ತಾರೆ.

ಮಳೆ, ಉಪ್ಪು, ಕೆಂಪುಕಲ್ಲು

ಬೆಂಗಳೂರಿನ ನಕ್ಷೆಯನ್ನು ತಂದು ಕುಂದಾಪುರದಲ್ಲಿ ಕಟ್ಟಿದರೆ ಅದು ಒಂದು ಮಳೆಗಾಲವನ್ನೂ ತಾಳಲಾರದು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿಯುವ ಸೀಮೆಯಿದು. ಆಷಾಢದ ದಿನಗಳಲ್ಲಿ ಕಪಾಟಿನಲ್ಲಿಟ್ಟ ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುವುದನ್ನು ಇಲ್ಲಿನ ಪ್ರತಿ ಮನೆಯೂ ಬಲ್ಲದು. ಆ ಬೂಷ್ಟು ಸಾಧನದ ಕಾಗದದ ಹೊದಿಕೆಗೆ ಹಿಡಿದರೆ ಇಡೀ ಬ್ಯಾಚ್ ನಾಶವೇ ಸರಿ. ಮಳೆಗಾಲದಲ್ಲಿ ಇಲ್ಲಿನ ಹವಾನಿಯಂತ್ರಣ ವ್ಯವಸ್ಥೆ ಹೋರಾಡಬೇಕಾದದ್ದು ಸೆಕೆಯೊಂದಿಗಿಂತ ಹೆಚ್ಚಾಗಿ ತೇವದೊಂದಿಗೆ. ಗಾಳಿಯನ್ನು ಚೆನ್ನಾಗಿ ತಂಪುಗೊಳಿಸಿ ನೀರನ್ನು ಹಿಂಡಿ ತೆಗೆದು, ಮತ್ತೆ ತುಸು ಬೆಚ್ಚಗೆ ಮಾಡಿ ಒಳಗೆ ಬಿಡಬೇಕು. ಇದರ ವಿದ್ಯುತ್ ಖರ್ಚನ್ನು ಯೋಜನಾ ವರದಿಯಲ್ಲಿ ಮೊದಲೇ ಕಾಣಿಸದಿದ್ದರೆ ಮೊದಲ ಮಳೆಗಾಲದ ಬಿಲ್ಲೇ ಅದನ್ನು ಕಾಣಿಸುತ್ತದೆ.

ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ಹೊಳೆ. ನೋಡಲು ಸುಂದರವಾದ ಈ ಭೂಗೋಳ ಯಂತ್ರಗಳ ಪಾಲಿಗೆ ಕಠಿಣವಾದದ್ದು. ಉಪ್ಪುಗಾಳಿ ಕಂಡೆನ್ಸರ್‌ನ ಅಲ್ಯೂಮಿನಿಯಂ ರೆಕ್ಕೆಗಳನ್ನು ಬಲುಬೇಗ ತಿನ್ನುತ್ತದೆ. ಆದ್ದರಿಂದ ಲೇಪನವಿರುವ ಯಂತ್ರಗಳನ್ನೇ ಆರಿಸಬೇಕು, ಸಾಧ್ಯವಾದರೆ ಕಡಲತೀರದಿಂದ ಒಳಗಿನ ಎತ್ತರದ ನೆಲವನ್ನೇ ಹುಡುಕಬೇಕು. ಕರಾವಳಿ ನಿಯಂತ್ರಣ ವಲಯದ ತೊಡಕೂ ಆಗ ತಪ್ಪುತ್ತದೆ. ಹೊಳೆಯ ಅಳಿವೆಗೆ ಸಮೀಪದ ಬಾವಿಗಳ ನೀರು ಬೇಸಿಗೆಯಲ್ಲಿ ಉಪ್ಪಾಗುವುದರಿಂದ ಶುದ್ಧನೀರಿನ ಘಟಕವನ್ನು ಏಪ್ರಿಲ್, ಮೇ ತಿಂಗಳ ನೀರಿನ ಮಾದರಿಯನ್ನು ಪರೀಕ್ಷಿಸಿಯೇ ವಿನ್ಯಾಸಗೊಳಿಸಬೇಕು. ಸೆಪ್ಟೆಂಬರ್‌ನ ಸಿಹಿನೀರಿನ ವರದಿಯನ್ನು ನಂಬಿ ಯಂತ್ರ ಕೊಂಡವರಿಗೆ ಮೇ ತಿಂಗಳು ಪಾಠ ಕಲಿಸುತ್ತದೆ.

ಕೆಂಪುಕಲ್ಲಿನ ನೆಲ ಮಳೆಗಾಲದಲ್ಲಿ ನೀರನ್ನು ಹೀರಿ ನಿಲ್ಲುತ್ತದೆ. ಕಾಂಕ್ರೀಟಿನ ಅಡಿಯಲ್ಲಿ ತೇವ ತಡೆಯುವ ಹಾಳೆ ಹಾಸದೆ ಮೇಲೆ ಎಪಾಕ್ಸಿ ಬಳಿದರೆ ಕೆಳಗಿನಿಂದ ಏರಿದ ತೇವ ಅದನ್ನು ಗುಳ್ಳೆಗುಳ್ಳೆಯಾಗಿ ಎಬ್ಬಿಸುತ್ತದೆ. ಕ್ಲೀನ್ ರೂಮಿನ ಮೇಲೆ ಸಮತಟ್ಟಾದ ಟೆರೇಸನ್ನು ಮಾತ್ರ ನಂಬುವುದಕ್ಕಿಂತ ಅದರ ಮೇಲೆ ಇಳಿಜಾರಿನ ಸೂರು ಹಾಕಿ, ನಡುವಿನ ಜಾಗದಲ್ಲಿ ಗಾಳಿಯ ಯಂತ್ರಗಳನ್ನು ಇರಿಸುವುದು ವಿವೇಕ. ಹಂಚಿನ ಮಾಡನ್ನು ಇಳಿಜಾರಾಗಿ ಕಟ್ಟಿದ ಹಿರಿಯರಿಗೆ ಈ ಸತ್ಯ ಗೊತ್ತಿತ್ತು.

ತಿರುವನಂತಪುರದ ನಿದರ್ಶನ

ಇಂಥ ಹವೆಯಲ್ಲಿ ಇಂಥ ಉದ್ಯಮ ಅಸಾಧ್ಯವೆಂದು ವಾದಿಸುವವರಿದ್ದಾರೆ. ಅವರಿಗೆ ಉತ್ತರ ಇದೇ ಪಶ್ಚಿಮ ಕರಾವಳಿಯ ದಕ್ಷಿಣ ತುದಿಯಲ್ಲಿದೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಆಸ್ಪತ್ರೆಯ ಜೊತೆಗೆ ತಂತ್ರಜ್ಞಾನ ವಿಭಾಗವನ್ನೂ ಬೆಳೆಸಿ, ಹೃದಯದ ಕೃತಕ ಕವಾಟವನ್ನು ರೂಪಿಸಲಾಯಿತು. ಮೊದಲ ಮೂರು ಮಾದರಿಗಳು ವಿಫಲವಾದವು, ನಾಲ್ಕನೆಯದು ಗೆದ್ದಿತು. 1990ರ ಡಿಸೆಂಬರ್‌ನಲ್ಲಿ ಅದನ್ನು ಮೊದಲ ಬಾರಿಗೆ ರೋಗಿಗೆ ಅಳವಡಿಸಲಾಯಿತು. ಟಿಟಿಕೆ ಸಂಸ್ಥೆ ಅದನ್ನು ಅದೇ ನಗರದಲ್ಲಿ ತಯಾರಿಸಿ ಆಮದು ಕವಾಟಗಳಿಗಿಂತ ಬಹಳ ಅಗ್ಗವಾಗಿ ಒದಗಿಸಿತು. ಅದೇ ಸಂಸ್ಥೆಯ ರಕ್ತದ ಚೀಲದ ತಂತ್ರಜ್ಞಾನವನ್ನು ಪಡೆದು, ಐಎಎಸ್ ಹುದ್ದೆಯನ್ನು ತ್ಯಜಿಸಿ ಬಂದ ಸಿ. ಬಾಲಗೋಪಾಲ್ ಅವರು 1980ರ ದಶಕದಲ್ಲಿ ಪೆನ್‌ಪಾಲ್ ಸಂಸ್ಥೆಯನ್ನು ಕಟ್ಟಿದರು. 1999ರಲ್ಲಿ ಜಪಾನಿನ ಟೆರುಮೊ ಅದರೊಂದಿಗೆ ಕೈಜೋಡಿಸಿತು. ಅಲ್ಲಿಯೂ ಮಳೆಯಿದೆ, ಉಪ್ಪುಗಾಳಿಯಿದೆ.

ಕವಾಟದ ಕಾರ್ಯಕ್ಕೆ ನೇತೃತ್ವ ವಹಿಸಿದ್ದ ಡಾ. ಎಂ.ಎಸ್. ವಲಿಯತ್ತಾನ್ ಅವರು ಮುಂದೆ ಮಣಿಪಾಲ ವಿಶ್ವವಿದ್ಯಾನಿಲಯದ ಪ್ರಥಮ ಕುಲಪತಿಗಳಾಗಿದ್ದರು. 2024ರ ಜುಲೈನಲ್ಲಿ ಮಣಿಪಾಲದಲ್ಲಿಯೇ ನಿಧನರಾದರು. ಅಂಥವರು ಬಾಳಿದ ಊರಿನ ನೆರೆಯಲ್ಲಿದ್ದೂ ಅವರ ಅನುಭವದ ಸಾರವನ್ನು ಈ ಸೀಮೆಯ ಉದ್ಯಮವಲಯ ಸಾಕಷ್ಟು ಬಳಸಿಕೊಳ್ಳಲಿಲ್ಲವೆಂಬುದು ವಿಷಾದದ ಸಂಗತಿ. ಆ ಸಾರವಿಷ್ಟೇ: ವೈದ್ಯ, ಎಂಜಿನಿಯರ್, ತಯಾರಕ ಮೂವರೂ ಒಬ್ಬರಿಗೊಬ್ಬರು ಎಟಕುವ ದೂರದಲ್ಲಿರಬೇಕು, ಮತ್ತು ಮೂರು ಮಾದರಿ ಸೋತರೂ ನಾಲ್ಕನೆಯದಕ್ಕೆ ಹಣ ಉಳಿದಿರಬೇಕು.

ಕರ್ನಾಟಕದಲ್ಲಿಯೂ ಬೆಂಗಳೂರಿನ ಹೊರಗೆ ಇದು ಸಾಧ್ಯವೆಂದು ಮೈಸೂರಿನ ಸ್ಕ್ಯಾನ್‌ರೇ ಸಂಸ್ಥೆ ತೋರಿಸಿದೆ. 2007ರಲ್ಲಿ ಹುಟ್ಟಿದ ಆ ಸಂಸ್ಥೆಯ ವೆಂಟಿಲೇಟರ್ ವಿನ್ಯಾಸವನ್ನು ಆಧರಿಸಿ 2020ರ ಕೋವಿಡ್ ಕಾಲದಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಮೂಲಕ 30,000 ವೆಂಟಿಲೇಟರ್‌ಗಳ ತಯಾರಿಕೆಗೆ ಬೇಡಿಕೆ ಬಂದಿತ್ತು.

ಕೈಯಲ್ಲಿರುವ ಕಸುಬು

ಇಂಥ ಸೂಕ್ಷ್ಮ ಕೆಲಸಕ್ಕೆ ಜನ ಸಿಗುವರೇ ಎಂಬ ಪ್ರಶ್ನೆಯೂ ಇದೆ. ಗೋಡಂಬಿ ಕಾರ್ಖಾನೆಗಳಲ್ಲಿ ತಿರುಳನ್ನು ಕಣ್ಣಳತೆಯಲ್ಲಿ 240, 320 ಎಂದು ದರ್ಜೆವಾರು ವಿಂಗಡಿಸುವ, ಚುಕ್ಕೆಯಿದ್ದ ಒಂದೇ ಒಂದು ಬೀಜವನ್ನು ರಾಶಿಯಿಂದ ಆರಿಸಿ ತೆಗೆಯುವ ಸಾವಿರಾರು ಮಹಿಳೆಯರು ಈ ಮೂರೂ ತಾಲ್ಲೂಕುಗಳಲ್ಲಿದ್ದಾರೆ. ನಳಿಕೆಯ ತುದಿಯಲ್ಲಿನ ಕೂದಲೆಳೆಯ ಸೀಳನ್ನು ಪತ್ತೆಹಚ್ಚುವುದು ಇಂಥ ಕಣ್ಣುಗಳಿಗೆ ಹೊಸದಲ್ಲ. ಗಂಗೊಳ್ಳಿಯಂಥ ಬಂದರುಗಳ ಮಂಜುಗಡ್ಡೆ ಕಾರ್ಖಾನೆಗಳಲ್ಲಿ ಶೈತ್ಯಯಂತ್ರ ಬಲ್ಲ ಮೆಕ್ಯಾನಿಕ್‌ಗಳಿದ್ದಾರೆ. ಬ್ರಹ್ಮಾವರ ತಾಲ್ಲೂಕಿನ ಹಂಗಾರಕಟ್ಟೆಯಲ್ಲಿಯೂ ಕಾರ್ಯಾಗಾರ ಹೊಂದಿರುವ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ 2023ರಲ್ಲಿ ನಾರ್ವೆಯ ಹಡಗು ಕಂಪನಿಯಿಂದ ಬೇಡಿಕೆ ಪಡೆಯಿತು. ಹಡಗು ಕಟ್ಟುವಲ್ಲಿ ಉಕ್ಕಿನ ಹಾಳೆಗೂ ಬೆಸುಗೆಗೂ ದಾಖಲೆ ಇರಬೇಕು. ವೈದ್ಯಕೀಯ ಸಾಧನ ಕೇಳುವುದೂ ಅದೇ ಶಿಸ್ತನ್ನು: ಯಾವ ಬ್ಯಾಚಿನ ಕಚ್ಚಾ ಸರಕು, ಯಾವ ಯಂತ್ರ, ಯಾರ ಕೈ, ಯಾವ ದಿನ ಎಂಬುದನ್ನು ವರ್ಷಗಳ ನಂತರವೂ ಹೇಳಬಲ್ಲ ಕಡತ. ಐಎಸ್‌ಒ 13485 ಎಂಬ ಮಾನಕದ ತಿರುಳೂ ಇದೇ.

ಒಬ್ಬರಿಂದಾಗದ ಎರಡು ಕೆಲಸ

ಪ್ರತಿ ಉದ್ಯಮಿಯೂ ಎಲ್ಲವನ್ನೂ ತಾನೇ ಕಟ್ಟಬೇಕೆಂದರೆ ಈ ಕನಸು ಅಲ್ಲಿಗೇ ಮುಗಿಯುತ್ತದೆ. ಎರಡು ಸೌಕರ್ಯಗಳು ಸಾಮೂಹಿಕವಾಗಿಯೇ ಬರಬೇಕು. ಮೊದಲನೆಯದು ಕ್ರಿಮಿಶುದ್ಧೀಕರಣ. ಪ್ಲಾಸ್ಟಿಕ್ ಸಾಧನಗಳಿಗೆ ವ್ಯಾಪಕವಾಗಿ ಬಳಕೆಯಾಗುವ ಎಥಿಲೀನ್ ಆಕ್ಸೈಡ್ ಅನಿಲ ಬೇಗ ಹೊತ್ತಿಕೊಳ್ಳುವಂಥದ್ದು, ಕ್ಯಾನ್ಸರ್‌ಕಾರಕವೂ ಹೌದು. ಅದನ್ನು ಜನವಸತಿಯ ನಡುವಿನ ಹತ್ತಾರು ಶೆಡ್ಡುಗಳಲ್ಲಿ ಹಂಚುವುದಕ್ಕಿಂತ, ತಕ್ಕ ಅಂತರ ಮತ್ತು ರಕ್ಷಣೆಯೊಂದಿಗೆ ಒಂದೇ ಕಡೆ ನಡೆಸುವುದು ಊರಿಗೂ ಕ್ಷೇಮ, ಉದ್ಯಮಕ್ಕೂ ಲಾಭ. ಗಾಮಾ ವಿಕಿರಣ ಇನ್ನೊಂದು ಮಾರ್ಗ. ಟ್ರಾಂಬೆಯ ಐಸೊಮೆಡ್ ಘಟಕ 1974ರಿಂದಲೇ ಈ ಸೇವೆಯನ್ನು ಹೊರಗಿನ ತಯಾರಕರಿಗೆ ಒದಗಿಸಿದ್ದು, ಸಾಮೂಹಿಕ ಸೌಕರ್ಯದ ಕಲ್ಪನೆ ದೇಶಕ್ಕೆ ಹೊಸದಲ್ಲ. ಎರಡನೆಯದು ಪರೀಕ್ಷಾ ಪ್ರಯೋಗಾಲಯ. ದಿನನಿತ್ಯದ ಪರೀಕ್ಷೆಗಳು ಕಾರ್ಖಾನೆಯೊಳಗೇ ನಡೆಯಲಿ. ವರ್ಷಕ್ಕೊಮ್ಮೆ, ಎರಡು ಬಾರಿ ಬೇಕಾಗುವ ದುಬಾರಿ ಪರೀಕ್ಷೆಗಳಿಗೆ ಮಣಿಪಾಲದ ವಿದ್ಯಾಸಂಸ್ಥೆಗಳೊಂದಿಗೆ ಒಪ್ಪಂದವಾಗಲಿ.

ಕೇಂದ್ರ ಸರ್ಕಾರ 2021ರಲ್ಲಿ ವೈದ್ಯಕೀಯ ಸಾಧನ ಪಾರ್ಕ್‌ಗಳಿಗೆ ಆರಿಸಿಕೊಂಡ ರಾಜ್ಯಗಳು ಹಿಮಾಚಲ ಪ್ರದೇಶ, ತಮಿಳುನಾಡು, ಮಧ್ಯಪ್ರದೇಶ ಮತ್ತು ಉತ್ತರಪ್ರದೇಶ. ಕರ್ನಾಟಕ ಆ ಪಟ್ಟಿಯಲ್ಲಿರಲಿಲ್ಲ. ಅದಕ್ಕಾಗಿ ಹಲುಬುತ್ತ ಕೂರುವ ಅಗತ್ಯವಿಲ್ಲ. ನೂರಾರು ಎಕರೆಯ ಪಾರ್ಕ್ ಈ ಕಿರಿದಾದ ಕರಾವಳಿಗೆ ಹೊಂದುವುದೂ ಇಲ್ಲ. ನಾಲ್ಕೈದು ಘಟಕಗಳಿಗೆ ಸಾಕಾಗುವ ಒಂದು ಸಣ್ಣ ಸಾಮೂಹಿಕ ಸೌಕರ್ಯ ಕೇಂದ್ರವೇ ಇಲ್ಲಿಗೆ ಸರಿಯಾದ ಅಳತೆ. 2024ರ ನವೆಂಬರ್‌ನಲ್ಲಿ ಕೇಂದ್ರ ಪ್ರಕಟಿಸಿದ 500 ಕೋಟಿ ರೂಪಾಯಿಗಳ ಯೋಜನೆಯಲ್ಲಿ ಸಾಮೂಹಿಕ ಸೌಕರ್ಯಗಳಿಗೂ ನೆರವಿನ ಅವಕಾಶವಿದೆ.

ಬ್ಯಾಂಕು ಅರಿಯಬೇಕಾದ ಕಾಲಮಾನ

ಈ ಉದ್ಯಮದಲ್ಲಿ ಕಟ್ಟಡ ಮುಗಿದ ದಿನ ಉತ್ಪಾದನೆಯ ದಿನವಲ್ಲ. ಯಂತ್ರಗಳ ಅಳವಡಿಕೆ, ಕಾರ್ಯ, ಫಲಿತಾಂಶ ಮೂರನ್ನೂ ದಾಖಲೆಸಹಿತ ಸಾಬೀತುಪಡಿಸಬೇಕು. ಪರೀಕ್ಷಾ ಪರವಾನಗಿಯಡಿ ಮಾದರಿ ಬ್ಯಾಚುಗಳನ್ನು ತಯಾರಿಸಬೇಕು. ಕ್ರಿಮಿಶುದ್ಧೀಕರಣದ ಆವರ್ತ, ಸಾಧನದ ಬಾಳಿಕೆಯ ಅವಧಿ ಇವೆಲ್ಲ ಋಜುವಾತಾಗಬೇಕು. ಅಷ್ಟು ಕಾಲ ಸಂಬಳ, ವಿದ್ಯುತ್ತು, ಬಡ್ಡಿ ನಡೆಯುತ್ತಲೇ ಇರುತ್ತವೆ. ಮಾರಾಟ ಮಾತ್ರ ಇರುವುದಿಲ್ಲ. ಅಂಗಡಿ ಸಂಕೀರ್ಣಕ್ಕೆ ಕೊಡುವ ಸಾಲದ ಕಂತಿನ ಲೆಕ್ಕವನ್ನೇ ಇದಕ್ಕೂ ಹಾಕಿದರೆ ಪರವಾನಗಿ ಕೈಸೇರುವ ಮುನ್ನವೇ ಉದ್ದಿಮೆ ಮುಳುಗುತ್ತದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿದಾಗ ಬಡವನ ದಿನಗಳಿಕೆಗೆ ತಕ್ಕಂತೆ ಬ್ಯಾಂಕಿನ ಪದ್ಧತಿಯನ್ನು ಬಗ್ಗಿಸಿತ್ತು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತಾದರೂ ಆ ನೀತಿ ವಿಲೀನವಾಗಬೇಕಾಗಿಲ್ಲ. ಉದ್ಯಮದ ಕಾಲಮಾನಕ್ಕೆ ತಕ್ಕಂತೆ ಮರುಪಾವತಿಯ ವಿರಾಮವನ್ನು ನಿಗದಿಪಡಿಸುವ ಬ್ಯಾಂಕುಗಳು ಇಂದು ಬೇಕಾಗಿವೆ.

ಮುಂದಿನ ಹೆಜ್ಜೆ

2018ರಲ್ಲಿ ಬೈಂದೂರು, ಬ್ರಹ್ಮಾವರಗಳು ಪ್ರತ್ಯೇಕ ತಾಲ್ಲೂಕುಗಳಾದ ಮೇಲೆ ಕಚೇರಿಗಳು ಬಂದವು; ಕೈಗಾರಿಕೆ ತಾನಾಗಿ ಬರಲಿಲ್ಲ. ಮೂರೂ ತಾಲ್ಲೂಕುಗಳ ವಾಣಿಜ್ಯ ಸಂಘಟನೆಗಳು ಒಟ್ಟಾಗಿ, ಮಣಿಪಾಲದ ವೈದ್ಯರನ್ನೂ ಎಂಜಿನಿಯರರನ್ನೂ ಒಂದೇ ಮೇಜಿನ ಸುತ್ತ ಕೂರಿಸಿ, ಆಸ್ಪತ್ರೆಗಳು ಹೆಚ್ಚಾಗಿ ಖರೀದಿಸುವ ಎ ಮತ್ತು ಬಿ ವರ್ಗದ ಹತ್ತು ಸಾಧನಗಳ ಪಟ್ಟಿಯನ್ನು ಸಿದ್ಧಪಡಿಸುವುದು ಮೊದಲ ಕೆಲಸವಾಗಬೇಕು. ಜಿಲ್ಲಾಡಳಿತ ಸಾಮೂಹಿಕ ಕೇಂದ್ರಕ್ಕೆ ಕಡಲಿನಿಂದ ದೂರದ, ಭೂಪರಿವರ್ತನೆಯ ತಕರಾರಿಲ್ಲದ ಜಾಗವನ್ನು ಗುರುತಿಸಬೇಕು. ವಿದ್ಯುತ್ ನಿಲುಗಡೆಯಿಂದ ಕ್ಲೀನ್ ರೂಮಿನ ಗಾಳಿ ನಿಂತರೆ ಅದನ್ನು ಮತ್ತೆ ಪರೀಕ್ಷಿಸಿ ಸಿದ್ಧಗೊಳಿಸಬೇಕಾದ್ದರಿಂದ, ಮೆಸ್ಕಾಂ ಇಂಥ ಘಟಕಗಳಿಗೆ ಪ್ರತ್ಯೇಕ ಫೀಡರ್ ಒದಗಿಸುವ ಬಗ್ಗೆ ಚಿಂತಿಸಬೇಕು.

ಉದ್ಯಮಿಯ ಪಾಲಿಗೆ ಉಳಿಯುವುದು ಸಂಯಮ. ಊರಿಗೆ ಎದ್ದು ಕಾಣುವ ಗಾಜಿನ ಮುಂಭಾಗದ ಬಗ್ಗೆ ಕೊನೆಯಲ್ಲಿ ಯೋಚಿಸಿದರೆ ಸಾಕು. ಕಬ್ಬು ಸಾಲದೆ ನಿಂತುಹೋದ ಬ್ರಹ್ಮಾವರದ ಸಕ್ಕರೆ ಕಾರ್ಖಾನೆಯ ನೆನಪು ಈ ಸೀಮೆಗೆ ಇನ್ನೂ ಹಸಿಯಾಗಿದೆ. ಒಳಗೆ ಹರಿಯಬೇಕಾದದ್ದನ್ನು ಖಚಿತಪಡಿಸಿಕೊಳ್ಳದೆ ಹೊರಗಿನ ಗೋಡೆ ಎಬ್ಬಿಸಿದರೆ ಏನಾಗುತ್ತದೆಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ. ಉತ್ಪನ್ನ, ಗಾಳಿ, ನೀರು, ಕಡತ ಈ ನಾಲ್ಕು ಕಾಗದದ ಮೇಲೆ ಸರಿಯಾದ ಮೇಲೆ ಕಲ್ಲು, ಸಿಮೆಂಟಿನ ಮಾತು ಬರಲಿ. ಆಗ ರಾತ್ರಿ ಬಸ್ಸು ಹತ್ತುವ ಪದವೀಧರರಲ್ಲಿ ಕೆಲವರಾದರೂ ಊರಿನಲ್ಲಿಯೇ ಉಳಿದಾರು.